ಹಾಲ್‌ನೊಳಗಣ ಲವಣಸಮುದ್ರ: ಒಂದು ಮೀಮಾಂಸೆ

ಜಂಬೂದ್ವೀಪವನ್ನು ಲವಣಸಮುದ್ರ ಸುತ್ತುವರಿದಿದೆ, ಅದರಾಚೆಗೆ ಕಬ್ಬಿನ ಹಾಲು, ಸುರೆ, ತುಪ್ಪ, ಮೊಸರು, ಹಾಲು, ಸಿಹಿನೀರಿನ ಸಮುದ್ರಗಳು ಒಂದರಾಚೆಗೊಂದು ಹಬ್ಬಿವೆ ಎನ್ನುವುದು ಪುರಾಣಗಳ ಭೂಗೋಳ. ಇಷ್ಟೆಲ್ಲ ಆಯ್ಕೆಯಿದ್ದೂ ಬೆಂಗಳೂರಿನ ಗೃಹಸ್ಥನು ತನ್ನ ಎರಡು ಬೆಡ್‌ರೂಮಿನ ಫ್ಲಾಟಿಗೆ ಉಪ್ಪಿನ ಸಮುದ್ರವನ್ನೇ ಏಕೆ ಹೊತ್ತು ತರುತ್ತಾನೆ ಎಂಬುದು ಈ ಶಾಸ್ತ್ರದ ಮೊದಲ ಶಂಕೆ. ತುಪ್ಪದ ಸಮುದ್ರ ತಂದಿದ್ದರೆ ಮನೆಯಲ್ಲಿ ಯಾರದೂ ಆಕ್ಷೇಪವಿರುತ್ತಿರಲಿಲ್ಲ.

ಶಂಕೆಗೆ ಸಮಾಧಾನ ಹೀಗಿದೆ. 2003ರಲ್ಲಿ ‘ಫೈಂಡಿಂಗ್ ನೀಮೊ’ ಎಂಬ ಚಿತ್ರ ತೆರೆಕಂಡಿತು. ತೊಟ್ಟಿಯೊಳಗೆ ಸಿಕ್ಕಿಬಿದ್ದ ಮೀನೊಂದು ಹೇಗಾದರೂ ತಪ್ಪಿಸಿಕೊಂಡು ಕಡಲಿನ ಮನೆ ಸೇರಬೇಕೆಂದು ಪಡುವ ಪಾಡೇ ಅದರ ಕಥೆ. ಅದನ್ನು ಕಣ್ಣೀರು ಹಾಕುತ್ತ ನೋಡಿದ ಸಂಸಾರಗಳು ಮರುದಿನವೇ ತೊಟ್ಟಿಯ ಬೆಲೆ ವಿಚಾರಿಸಲು ಹೊರಟವು. ಗ್ರಂಥದ ತಾತ್ಪರ್ಯನಿರ್ಣಯದಲ್ಲಿ ವಿದ್ವಾಂಸರು ಎಡವುವುದುಂಟು. ಇಷ್ಟು ನೇರವಾಗಿ ತಲೆಕೆಳಗಾಗಿ ಬಿದ್ದ ಉದಾಹರಣೆ ಅಪರೂಪ.

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಬೇಕು. ಪ್ರಯೋಜನವಿಲ್ಲ. ಸಂಬಂಧ ಹಳಸುತ್ತದೆ, ಮುಖ್ಯವಾಗಿ ಕೆಳಗಿನ ಮನೆಯವರ ಜೊತೆ, ಅವರ ಸೀಲಿಂಗು ಮೊದಲ ಸಲ ತೊಟ್ಟಿಕ್ಕಿದಾಗ. ಅಧಿಕಾರಿ ಯಾರೆಂಬುದು ಜಟಿಲವಾದ ಪ್ರಶ್ನೆ. ಅದನ್ನು ಆಮೇಲೆ ನೋಡೋಣ. ವಿಷಯ ಮೀನು ಎಂಬುದು ಲೋಕರೂಢಿ. ಅದು ಭ್ರಾಂತಿ. ಇಲ್ಲಿ ಸಾಕುವುದು ನೀರನ್ನು. ನೀರು ಇನ್ನೂ ಬದುಕಿದೆ ಎನ್ನುವುದಕ್ಕೆ ಮೀನು ಸಾಕ್ಷಿ, ಅಷ್ಟೆ.

ಎರಡಡಿ ಉದ್ದದ ತೊಟ್ಟಿ ಸುಮಾರು 75 ಲೀಟರ್ ಹಿಡಿಯುತ್ತದೆ. ಸಣ್ಣದಲ್ಲವೆ, ಸುಲಭವಿರಬೇಕು ಎಂದು ಹೊಸಬ ಎಣಿಸುತ್ತಾನೆ. ಅರಬ್ಬಿ ಸಮುದ್ರದಲ್ಲಿ ಒಂದು ಬಸವನಹುಳು ಸತ್ತರೆ ಅರಬ್ಬಿ ಸಮುದ್ರಕ್ಕೆ ಗೊತ್ತೇ ಆಗುವುದಿಲ್ಲ. 75 ಲೀಟರಿನಲ್ಲಿ ಅದೇ ಹುಳು ಬಂಡೆಯ ಸಂದಿಯಲ್ಲಿ ಸತ್ತರೆ ಸಮುದ್ರಕ್ಕೆಲ್ಲ ಸೂತಕ. ನೀರು ಕಡಿಮೆಯಾದಷ್ಟೂ ಬಿಸಿ, ಉಪ್ಪು, ವಿಷ ಎಲ್ಲವೂ ಬೇಗ ಏರಿಳಿಯುತ್ತವೆ. ಆದಕಾರಣ ಸಣ್ಣ ಸಮುದ್ರವೇ ದೊಡ್ಡ ತಲೆನೋವು.

ಕಡಲ ನೀರಿನಲ್ಲಿ ಕಿಲೋಗೆ ಸುಮಾರು 35 ಗ್ರಾಂ ಲವಣಾಂಶ. 75 ಲೀಟರಿಗೆ ಎರಡೂವರೆ ಕಿಲೋಗೂ ಮೀರಿ ಉಪ್ಪು ಬೇಕು. ಇಲ್ಲಿ ಗೃಹಸ್ಥನ ತಾಯಿಯಿಂದ ಒಂದು ಪೂರ್ವಪಕ್ಷ: “ಡಬ್ಬಿ ತುಂಬ ಕಲ್ಲುಪ್ಪಿದೆಯಲ್ಲೋ, ನಾಲ್ಕು ಪಾವು ಸುರಿ. ಅದಕ್ಕೂ ಅಂಗಡಿಗೆ ಹೋಗ್ಬೇಕಾ?” ಈ ವಾದವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕಡಲ ಲವಣದಲ್ಲಿ ಸೋಡಿಯಂ, ಕ್ಲೋರೈಡ್ ಎರಡೇ ಸೇರಿ ನೂರಕ್ಕೆ 85 ಪಾಲು. ಅಂದರೆ ತಾಯಿ ಹೇಳಿದ್ದು ಶೇಕಡಾ 85ರಷ್ಟು ಸರಿ. ಉಳಿದ 15 ಪಾಲಿನಲ್ಲಿ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇವೆ; ಬಕೆಟ್ಟಿನ ಮೇಲೆ ಹವಳದ ಚಿತ್ರ ಅಚ್ಚುಹಾಕಿ ಮಾರುವ ಉಪ್ಪಿಗೆ ಕೊಡುವ ದುಡ್ಡೆಲ್ಲ ಈ 15 ಪಾಲಿಗೆ. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 1854ರಲ್ಲೇ ಅಡುಗೆ ಉಪ್ಪಿಗೆ ಎಪ್ಸಮ್ ಲವಣ, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿ ಕೃತಕ ಕಡಲನೀರು ಮಾಡುವ ಪಾಕವನ್ನು ಪ್ರಕಟಿಸಿದ್ದರು. ಅವರದೂ ಮೊದಲ ಸಾಮಗ್ರಿ ಕಲ್ಲುಪ್ಪಿನ ಡಬ್ಬಿಯದೇ.

ಎರಡನೆಯ ಪೂರ್ವಪಕ್ಷ ಕುಂದಾಪುರದ ಕಡೆಯಿಂದ ಬಂದ ಬೀಗರದು. “ನೀರನ್ನೂ ದುಡ್ಡು ಕೊಟ್ಟು ಮಾಡಿದ್ರಾ? ನಮ್ಮಲ್ಲಿ ಹಿತ್ಲಿಗೇ ಬಂದು ಬೀಳ್ತದೆ, ಕ್ಯಾನಿನಲ್ಲಿ ತುಂಬಿಸಿ ಕೊಡ್ತಿದ್ದೆ.” ಮಳೆಗಾಲದಲ್ಲಿ ಹೊಳೆಗಳೆಲ್ಲ ಕಡಲಿಗೆ ಸುರಿದು ದಡದ ನೀರು ಸಪ್ಪೆಯಾಗುತ್ತದೆ, ಊರಿನ ಕೊಳೆಯೂ ಅಲ್ಲಿಗೇ ಸೇರುತ್ತದೆ, ಆದ್ದರಿಂದ ಆ ನೀರನ್ನು ನಂಬುವಂತಿಲ್ಲ ಎಂದು ಗೃಹಸ್ಥನು ಸವಿಸ್ತಾರವಾಗಿ ಖಂಡಿಸಿದನು. ಬೀಗರು ಎಲ್ಲವನ್ನೂ ಕೇಳಿಸಿಕೊಂಡು, ತೊಟ್ಟಿಯತ್ತ ಬಾಗಿ, “ಸಾರಿಗೆ ಸಾಲ್ತದಾ ಇದು?” ಎಂದರು.

ಇನ್ನು ಅನವಸ್ಥಾ ದೋಷ. ತರ್ಕದಲ್ಲಿ ಇದಕ್ಕೆ ಬಹಳ ಹೆದರುತ್ತಾರೆ: ಒಂದಕ್ಕೆ ಇನ್ನೊಂದು ಆಧಾರ, ಅದಕ್ಕೆ ಮತ್ತೊಂದು, ಕೊನೆಯೇ ಇಲ್ಲ. ಪುಸ್ತಕದ ತರ್ಕದಲ್ಲಿ ಇದನ್ನು ಕಂಡವರು ಕಡಿಮೆ. ಉಪ್ಪುನೀರಿನ ತೊಟ್ಟಿಯಿಟ್ಟವರಿಗೆ ಅದು ಏಪ್ರಿಲ್ ತಿಂಗಳಿನಲ್ಲಿ ಪ್ರತ್ಯಕ್ಷ. ನೀರು 25–26 ಡಿಗ್ರಿಯಲ್ಲಿರಬೇಕು. ಹಾಲ್ 31 ಡಿಗ್ರಿಯಲ್ಲಿದೆ. ಫ್ಯಾನು ಹಚ್ಚಿದರೆ ನೀರು ತಣಿಯುತ್ತದೆ, ಆದರೆ ತಣಿಯುವುದೇ ಆವಿಯಾಗಿ. ಆವಿಯಾಗುವುದು ನೀರು, ಉಪ್ಪಲ್ಲ. ಹೀಗಾಗಿ ಉಪ್ಪು ಏರುತ್ತದೆ. ಇಳಿದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. (ಕಡಲಿಗೆ ಉಪ್ಪುನೀರೇ ಸೈ ಎಂದು ಅದನ್ನೇ ತುಂಬುತ್ತ ಹೋದವನು ಮೃತಸಮುದ್ರದ ದಾರಿ ಹಿಡಿದಂತೆ.) ಸಿಹಿನೀರೆಂದರೆ ಬೋರಿನದಲ್ಲ; ಅಡುಗೆಮನೆಯ ಆರ್‌ಓ ನೀರಿನಲ್ಲೂ ಒಂದಿಷ್ಟು ಲವಣ ಉಳಿದಿರುತ್ತದೆ, ಆದ್ದರಿಂದ ಅದನ್ನೂ ಹೀರುವ ಡಿಐ ಎಂಬ ಇನ್ನೊಂದು ಕೊಳವೆ ಬೇಕು, ಟಿಡಿಎಸ್ ಮೀಟರು ಸೊನ್ನೆ ತೋರಿಸಬೇಕು. ಬೇಡಪ್ಪ ಎಂದು ಚಿಲ್ಲರ್ ತಂದರೆ ಅದು ನೀರಿನ ಬಿಸಿಯನ್ನು ಹಾಲ್‌ಗೆ ಉಗುಳುತ್ತದೆ, ಹಾಲ್ ಕಾದಷ್ಟೂ ಚಿಲ್ಲರ್ ದುಡಿಯುತ್ತದೆ, ಹಾಲ್‌ಗೆ ಏಸಿ ಬೇಕಾಗುತ್ತದೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ.

ಉಪ್ಪು ಆವಿಯಾಗದು ಎಂಬ ಸಿದ್ಧಾಂತಕ್ಕೆ ಅಪವಾದವೂ ಉಂಟು. ಗುಳ್ಳೆ ಒಡೆದು ಸಿಡಿದ ಹನಿಗಳು ಅಂಚಿನಲ್ಲಿ ಒಣಗಿ, ಬೆಳ್ಳಗೆ ಹೆಪ್ಪುಗಟ್ಟಿ, ವೈರಿನ ಮೇಲೆ ತೆವಳುತ್ತ, ಸ್ಟ್ಯಾಂಡಿನ ತಿರುಪುಗಳನ್ನು ತಿಂದು ಟಿವಿಯ ಕಡೆಗೆ ಹೊರಡುತ್ತವೆ. ಇದರ ವೇಗ ಕಡಿಮೆ, ನಿಷ್ಠೆ ಅಪಾರ.

ಪ್ರಮಾಣಗಳಿಗೆ ಬರೋಣ. ನೀರು ಕಲಸಿದ ಕೂಡಲೇ ಮೀನು ಬಿಡುವುದು ನಿಷಿದ್ಧ. ಮೀನಿನ ಹೇಲು, ಮಿಕ್ಕ ತಿಂಡಿ ಕೊಳೆತು ಅಮೋನಿಯ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡು ಮೀನಿಗೆ ವಿಷ, ಮೂರನೆಯದು ಸಹ್ಯ. ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಅಮೋನಿಯವನ್ನು ನೈಟ್ರೇಟ್ ಮಾಡುವ ಕೆಲಸ ಎರಡು ಮೆಟ್ಟಿಲಿನದು, ಮಾಡುವವರೂ ಬೇರೆ ಬೇರೆ ಎಂದು 1890ರ ಸುಮಾರಿಗೆ ಸೆರ್ಗೆಯ್ ವಿನೊಗ್ರಾದ್‌ಸ್ಕಿ ತೋರಿಸಿಕೊಟ್ಟರು. ಈ ಎರಡು ಕಾಣದ ಸಂಸಾರಗಳು ಬಂಡೆಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ. ಅಲ್ಲಿಯವರೆಗೆ ಗೃಹಸ್ಥನು ದೀಪ, ಪಂಪು, ಹೀಟರ್ ಸಮೇತ ಖಾಲಿ ನೀರನ್ನು ನೆಂಟರಿಗೆ ತೋರಿಸತಕ್ಕದ್ದು.

ಆ ಸಂಸಾರಗಳಿಗೆ ಊಟ ಬೇಕಲ್ಲ. ರೂಢಿಯ ವಿಧಾನ, ಮಾರ್ಕೆಟ್ಟಿನಿಂದ ಒಂದು ಹಸಿ ಸಿಗಡಿ ತಂದು ತೊಟ್ಟಿಯಲ್ಲಿ ಕೊಳೆಯಲು ಬಿಡುವುದು. ಈರುಳ್ಳಿಯನ್ನೂ ಬೇರೆ ಬುಟ್ಟಿಯಲ್ಲಿಡುವ ಮನೆಯಲ್ಲಿ ಇದು ಧರ್ಮಸೂಕ್ಷ್ಮ. “ತಿನ್ನೋದಕ್ಕಲ್ಲಮ್ಮ, ಕೊಳೆಸೋದಕ್ಕೆ” ಎಂಬ ಸಮರ್ಥನೆಯಿಂದ ಪರಿಸ್ಥಿತಿ ಸುಧಾರಿಸಿದ ದಾಖಲೆಯಿಲ್ಲ. ಅಂಥವರಿಗೆ ಶುದ್ಧ ಅಮೋನಿಯಂ ಕ್ಲೋರೈಡ್ ವಿಹಿತ. ಹಿಂದೆ ಕಲಾಯಿಯವರು ಹಿತ್ತಾಳೆ ಪಾತ್ರೆಗೆ ಉಜ್ಜುತ್ತಿದ್ದ ನವಸಾಗರವೇ ಅದು. ಸಸ್ಯಾಹಾರಿ ಬ್ಯಾಕ್ಟೀರಿಯಾಗಳಿಗೆ ಇದರಿಂದ ಕೊರತೆಯೇನೂ ಆಗದು.

ನೀರು ಹದವಾಯಿತೆ ಎಂದು ತಿಳಿಯಲು ಪ್ರತ್ಯಕ್ಷವೇ ಪ್ರಮಾಣ. ಗಾಜಿನ ಕೊಳವೆಗೆ ತೊಟ್ಟಿಯ ನೀರು ಹಾಕಿ, ಔಷಧ ತೊಟ್ಟಿಕ್ಕಿಸಿ, ಬಣ್ಣದ ಕಾರ್ಡಿಗೆ ಹಿಡಿಯಬೇಕು. ಹಳದಿಯಾದರೆ ಅಮೋನಿಯ ಇಲ್ಲ, ಹಸಿರಾದರೆ ಉಂಟು. ಟ್ಯೂಬ್‌ಲೈಟಿನ ಕೆಳಗೆ ಹೆಂಡತಿಗೆ ಅದು ಹಸಿರು, ಗಂಡನಿಗೆ ಹಳದಿ. ನೋಡುವವನ ದೃಷ್ಟಿಯೇ ಜಗತ್ತನ್ನು ಸೃಷ್ಟಿಸುತ್ತದೆ ಎನ್ನುವ ದೃಷ್ಟಿಸೃಷ್ಟಿವಾದಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗವಿಲ್ಲ. ಮೀನು ಕೊಳ್ಳಲು ಚಡಪಡಿಸುತ್ತಿರುವವನ ಕಣ್ಣಿಗೆ ಎಲ್ಲ ಹಸಿರೂ ಹಳದಿಯೇ.

ಕಾಣದ್ದರಿಂದಲೇ ಇಲ್ಲವೆಂದು ತಿಳಿಯುವ ಅನುಪಲಬ್ಧಿ ಪ್ರಮಾಣದ ಗತಿ ಇನ್ನೂ ವಿಚಿತ್ರ. ಕೆಂಪು ಬೆನ್ನಿನ ಮೇಲೆ ಬಿಳಿ ಗೀಟಿನ ಕ್ಲೀನರ್ ಶ್ರಿಂಪ್ ಎಂಬ ಸಿಗಡಿ ಒಂದು ಬೆಳಗ್ಗೆ ಮೀಸೆ, ಕಾಲು, ಬಾಲ ಸಮೇತ ಮರಳಿನ ಮೇಲೆ ಅಲುಗಾಡದೆ ಬಿದ್ದಿರುತ್ತದೆ. ಮಗು ಅಳುತ್ತದೆ. ದೇಹವನ್ನು ಚಮಚೆಯಿಂದ ಎತ್ತಿದರೆ ಹಗುರ, ಒಳಗೇನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬಂಡೆಯ ಹಿಂದಿನಿಂದ ಅದೇ ಸಿಗಡಿ ಹೊಸ ಮೈಯಲ್ಲಿ ಹೊರಬರುತ್ತದೆ. ಅದು ಪೊರೆ ಬಿಟ್ಟಿತ್ತು, ಅಷ್ಟೆ. ಜೀವ ಹಳೆಯ ಶರೀರ ಬಿಟ್ಟು ಹೊಸದನ್ನು ಪಡೆಯುವುದಕ್ಕೆ ದೃಷ್ಟಾಂತ ಬೇಕಾದ ವೇದಾಂತಿಗಳು ಬಟ್ಟೆಯಂಗಡಿ ಬಿಟ್ಟು ಇತ್ತ ಬರಬಹುದು.

ಇನ್ನು ನೀಮೊನ ಜಾತಿಯ ಕ್ಲೌನ್‌ಫಿಶ್. ಹುಟ್ಟುವಾಗ ಇವೆಲ್ಲವೂ ಗಂಡಾಗುವ ಹಾದಿಯಲ್ಲೇ ಇರುತ್ತವೆ. ಎರಡು ಮರಿ ತಂದು ಬಿಟ್ಟರೆ ಜೋರಿನದು ಬೆಳೆದು ಹೆಣ್ಣಾಗುತ್ತದೆ, ಇನ್ನೊಂದು ಗಂಡಾಗಿ ಅವಳ ಮುಂದೆ ಮೈ ನಡುಗಿಸಿ ಶರಣಾಗತಿ ಸೂಚಿಸುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಪಟ್ಟವೇರುತ್ತದೆ. ಅಳಿಯಸಂತಾನದ ಕಟ್ಲೆ ಬರೆದವರಿಗೂ ಇಷ್ಟು ದೂರ ಹೊಳೆದಿರಲಿಲ್ಲ. ಕೊಳ್ಳುವುದಾದರೆ ತೊಟ್ಟಿಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ಕೊಳ್ಳಬೇಕು; ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವನ್ನು ಮರಿ ಮಾಡಿಸುವ ವಿಧಾನವನ್ನು ರೂಪಿಸಿಕೊಟ್ಟಿದೆ.

ಹವಳಪ್ರಕರಣ: ಬಂಡೆಗಟ್ಟುವ ಹವಳಗಳೂ ಕಡಲಕುದುರೆಯೂ 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ ಸೇರಿದವು, ಹುಲಿಯ ಪಂಕ್ತಿಯಲ್ಲಿ. ಅಂಗಡಿಯವನು ಪರದೆಯ ಹಿಂದೆ ಕರೆದು ಪಿಸುಗುಟ್ಟಿದರೆ ಹುಲಿಮರಿ ಮಾರುತ್ತಿದ್ದಾನೆಂದೇ ತಿಳಿದು ಮನೆಗೆ ಬರುವುದು. ಇಲ್ಲಿಗೆ ಹವಳಪ್ರಕರಣ ಮುಗಿಯಿತು.

ಉಳಿದದ್ದು ಅಧಿಕಾರಿವಿಚಾರ. 1846ರಲ್ಲಿ ಆ್ಯನ್ನಾ ಥಿನ್ ಎಂಬ ಮಹಿಳೆ ಟಾರ್ಕೀ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ನೀರಿಗೆ ಗಾಳಿ ಬೆರೆಸುವ ಪಂಪು ಆಗ ಇರಲಿಲ್ಲ. ಕಿಟಕಿ ತೆರೆದು, ಅದರ ಮುಂದೆ ನಿಂತು, ಕಡಲ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ದು ಹೊಯ್ದು ದಿನಾಲೂ ಅರ್ಧ–ಮುಕ್ಕಾಲು ಗಂಟೆ ಗಾಳಿ ಕೂಡಿಸಲಾಗುತ್ತಿತ್ತು. ಹೊಯ್ಯುತ್ತಿದ್ದವಳು ಮನೆಗೆಲಸದಾಕೆ. ಮನೆಯೊಳಗೆ ಸಮುದ್ರವನ್ನು ಉಳಿಸಿಕೊಂಡ ಮೊದಲಿಗರೆಂಬ ಕೀರ್ತಿ ಒಡತಿಯದು. ಯಾಗದಲ್ಲಿ ಹವಿಸ್ಸು ಹಾಕುವವರು ಋತ್ವಿಜರು, ಸ್ವರ್ಗ ಮಾತ್ರ ಖರ್ಚು ಕೊಟ್ಟವನಿಗೆ ಎನ್ನುವ ಮೀಮಾಂಸಕರ ನ್ಯಾಯಕ್ಕೆ ಲಂಡನ್ನಿನಲ್ಲೂ ಮನ್ನಣೆಯಿತ್ತೆಂದಾಯಿತು.

ಗೃಹಸ್ಥನು ಈ ನ್ಯಾಯವನ್ನೇ ಹಿಡಿದನು. ಆಫೀಸಿನ ಕೆಲಸದಲ್ಲಿ ಮುಳುಗಿ, ಗಾಜಿನ ಪಾಚಿ ಉಜ್ಜುವುದು, ನೀರಿನ ಕೊಳೆ ಎತ್ತುವ ಸ್ಕಿಮ್ಮರಿನ ಬಟ್ಟಲಿನಲ್ಲಿ ತುಂಬಿದ ಕಂದು ನೊರೆ ಚೆಲ್ಲಿ ತೊಳೆಯುವುದು, ಬಕೆಟ್ಟು ಎತ್ತುವುದು ಇವನ್ನೆಲ್ಲ ಮನೆಗೆಲಸಕ್ಕೆ ಬರುವವರಿಗೆ ಒಂದೊಂದಾಗಿ ದಾಟಿಸಿದನು. ಆಕೆ ಮೂಗಿಗೆ ಸೆರಗು ಹಿಡಿದು ಬಟ್ಟಲು ತೊಳೆದಿಟ್ಟು, ಗ್ರಂಥದ ಕಟ್ಟಕಡೆಯ ಪೂರ್ವಪಕ್ಷವನ್ನು ಮಂಡಿಸಿದರು:

“ಸಾರ್, ನಾನು ಮಾತಾಡಿದ್ದು ಪಾತ್ರೆ, ಬಟ್ಟೆ, ನೆಲ. ಸಮುದ್ರ ಮಾತಾಡಿರ್ಲಿಲ್ಲ.”

ತಿಂಗಳಿಗೆ ಐನೂರು ರೂಪಾಯಿಗೆ ಸಿದ್ಧಾಂತವಾಯಿತು.