ಅಣ್ಣನ ಗನ್ ಬೆನ್ನ ಹಿಂದೆ, ರೈತನ ಗನ್ ಠಾಣೆಯೊಳಗೆ

2013ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಇಬ್ಬರು ಶಾಸಕರು ಬಂದೂಕಿನ ದೆಸೆಯಿಂದ ಕುರ್ಚಿ ಕಳೆದುಕೊಂಡರು. ಅವರೇನೂ ಬಂದೂಕು ಹಿಡಿದವರಲ್ಲ, ಹಿಡಿಯುವವರಿಗೆ ಮೂಗುದಾರ ಹಾಕಲು ಹೋದವರು. ಒಂದು ಮ್ಯಾಗಜಿನ್‌ನಲ್ಲಿ 15ಕ್ಕಿಂತ ಹೆಚ್ಚು ಗುಂಡು ಇರಕೂಡದು, ಕೊಳ್ಳುವವನ ಪೂರ್ವಾಪರ ವಿಚಾರಿಸಬೇಕು ಎಂಬ ಕಾನೂನಿಗೆ ಕೈ ಎತ್ತಿದ್ದೇ ತಪ್ಪಾಯಿತು. ಸೆನೆಟ್ ಅಧ್ಯಕ್ಷ ಜಾನ್ ಮೋರ್ಸ್ ಮತ್ತು ಸದಸ್ಯೆ ಏಂಜೆಲಾ ಗಿರಾನ್ ಅವರನ್ನು ಬಂದೂಕುಪ್ರಿಯರು ಸಹಿ ಸಂಗ್ರಹಿಸಿ, ಮತದಾನ ಮಾಡಿಸಿ, ಅವಧಿಗೆ ಮೊದಲೇ ಮನೆಗೆ ಕಳಿಸಿದರು. ಮೋರ್ಸ್ ಸೋತದ್ದು 400ಕ್ಕಿಂತ ಕಡಿಮೆ ಮತಗಳಿಂದ.

ಈ ಕತೆಯನ್ನು ಹೊಸಪೇಟೆ, ಸಂಡೂರು, ಕಂಪ್ಲಿಯ ಯಾವ ರಾಜಕಾರಣಿಗೆ ಹೇಳಿದರೂ ಎರಡು ಕಾರಣಕ್ಕೆ ನಕ್ಕಾರು. ಒಂದು, ನಮ್ಮಲ್ಲಿ ಶಾಸಕರನ್ನು ಜನ ವಾಪಸ್ ಕರೆಸುವ ಪದ್ಧತಿ ಇಲ್ಲ. ಬೇಕೆನಿಸಿದಾಗ ಅವರೇ ರಾಜೀನಾಮೆ ಬಿಸಾಕಿ, ಬೇರೆ ಬಾವುಟ ಹಿಡಿದು, ಉಪಚುನಾವಣೆಯಲ್ಲಿ ವಾಪಸ್ ಬರುತ್ತಾರೆ. ಎರಡು, ಬಂದೂಕಿನ ಕಾನೂನು ಮಾಡುವ ಅಧಿಕಾರವೇ ವಿಧಾನಸಭೆಗಿಲ್ಲ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ಶಸ್ತ್ರಾಸ್ತ್ರ, ಮದ್ದುಗುಂಡು 5ನೇ ಬಾಬತ್ತಿನಲ್ಲಿ ಕೂತಿವೆ. ರಾಜ್ಯಕ್ಕೆ ಉಳಿದದ್ದು ಪೊಲೀಸು ಮತ್ತು ಶಾಂತಿಪಾಲನೆ. ಗನ್ನು ದಿಲ್ಲಿಯ ಪಾಲು, ಗುಂಡು ಹಾರಿದ ಮೇಲಿನ ಪಂಚನಾಮೆ ನಮ್ಮ ಪಾಲು.

ಹಾಗಂತ ನಮ್ಮ ಶಾಸಕರ ಮೇಲೆ ಬಂದೂಕಿನ ಒತ್ತಡ ಇಲ್ಲವೆಂದು ತಿಳಿಯಬೇಡಿ. ಒಬ್ಬ ಶಾಸಕರನ್ನು ಕಲ್ಪಿಸಿಕೊಳ್ಳಿ. ಕ್ಷೇತ್ರದ ಹೆಸರು ಬೇಡ, ಮೂರೂ ಊರಿನವರು ಜಗಳಕ್ಕೆ ಬಂದಾರು. ಪಕ್ಷದ ಹೆಸರಂತೂ ಬೇಡವೇ ಬೇಡ, ಈ ಅಂಕಣ ಅಚ್ಚಾಗುವುದರೊಳಗೆ ಅದು ಬದಲಾಗಿರಬಹುದು. ಬೆಳಗ್ಗೆ ಎಂಟಕ್ಕೆ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರೆ, ಜನ ಸೇರಿದ್ದಾರೆ, ಚಹಾ ಬರುತ್ತಿದೆ.

ಮೊದಲು ಬಂದವನು ಕಂಟ್ರಾಕ್ಟರ್.

"ಅಣ್ಣಾ, ಪಿಸ್ತೂಲಿಂದು ಲೈಸೆನ್ಸ್ ಬೇಕಾಗಿತ್ತು. ಜೀವಭಯ ಐತಿ."

"ಯಾರಿಂದಲೋ?"

"ಅದಿನ್ನೂ ಗೊತ್ತಾಗಿಲ್ಲಣ್ಣ. ಲೈಸೆನ್ಸ್ ಬಂದ ಮ್ಯಾಲೆ ಗೊತ್ತಾಗ್ತೈತಿ."

ಎರಡನೆಯವನು ಯುವ ಮುಖಂಡ. ಅವನಿಗೆ ಲೈಸೆನ್ಸ್ ಬೇಡ, ಗನ್‌ಮ್ಯಾನೇ ಬೇಕು. "ಎದುರು ಪಾರ್ಟಿಯವ್ನಿಗೆ ಇಬ್ರು ಅದಾರಣ್ಣ. ನಾ ಮದುವಿಗೆ ಹೋದ್ರ ಒಬ್ರೂ ಎದ್ದು ನಿಂದ್ರವಲ್ರು. ಪಕ್ಷದ ಮರ್ಯಾದಿ ಪ್ರಶ್ನೆ." ಶಾಸಕರು ಗಂಭೀರವಾಗಿ ತಲೆಯಾಡಿಸಿದರು. ಪಕ್ಷದ ಮರ್ಯಾದೆ ಎಲ್ಲಿದೆ ಎಂದು ಅವರೂ ಬಹಳ ದಿನದಿಂದ ಹುಡುಕುತ್ತಿದ್ದರು.

ಕಡೆಗೆ ಬಂದವನು ದರೋಜಿ ಕಡೆಯ ರೈತ. ಬೆಳೆ ರಕ್ಷಣೆಗೆಂದು ಅವನಪ್ಪನ ಕಾಲದ ಒಂದು ನಳಿಗೆಯ ಬಂದೂಕಿದೆ. ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ್ದಾನೆ, ಚುನಾವಣೆ ಮುಗಿದರೂ ಕೈಗೆ ಬಂದಿಲ್ಲ. ರಾತ್ರಿ ಹಂದಿಗಳು ಮೆಕ್ಕೆಜೋಳಕ್ಕೆ ನುಗ್ಗುತ್ತಿವೆ, ಗಾಳಿಗೊಂದು ಗುಂಡು ಹಾರಿಸಿ ಬೆದರಿಸಲೂ ಗತಿಯಿಲ್ಲ. ಶಾಸಕರು ಅವನ ಹೆಗಲ ಮೇಲೆ ಕೈ ಇಟ್ಟು, "ಕಾನೂನು ತನ್ನ ಕೆಲಸ ತಾನು ಮಾಡ್ತೈತಿ, ನಾವು ಅಡ್ಡ ಬರಬಾರದು ಗೌಡ್ರ" ಅಂದರು. ಅವತ್ತಿನ ಬೆಳಗ್ಗೆ ಕಾನೂನಿನ ನೆನಪು ಬಂದದ್ದು ಅದೊಂದೇ ಸಲ.

ಮೂವರಿಗೂ ಲೆಟರ್‌ಹೆಡ್ಡಿನಲ್ಲಿ ಒಂದೊಂದು ಪತ್ರ ಸಿಕ್ಕಿತು. ಮೂರರಲ್ಲೂ ಒಂದೇ ವಾಕ್ಯ: "ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳುವುದು." ಪತ್ರದ ಹಿಂದೆಯೇ ಫೋನೂ ಹೋದರೆ ಅದು ಶಿಫಾರಸು, ಫೋನು ಹೋಗದಿದ್ದರೆ ಅದು ಸಮಾಧಾನ. ರೈತನಿಗೆ ಸಿಕ್ಕದ್ದು ಸಮಾಧಾನ.

ಲೈಸೆನ್ಸ್ ಕೊಡುವವರು ಜಿಲ್ಲಾ ದಂಡಾಧಿಕಾರಿಗಳು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿಯವರ ಅರ್ಜಿ ಹೊಸಪೇಟೆಯ ಡಿಸಿ ಮೇಜಿಗೆ ಹೋಗುತ್ತದೆ. ಬಳ್ಳಾರಿ ಜಿಲ್ಲೆಯಲ್ಲೇ ಉಳಿದ ಸಂಡೂರು, ಕಂಪ್ಲಿಯವರದು ಬಳ್ಳಾರಿಯ ಮೇಜಿಗೆ. ಅರ್ಜಿ ಎಲ್ಲಿಯದಾದರೂ 1959ರ ಶಸ್ತ್ರಾಸ್ತ್ರ ಕಾಯ್ದೆ ಒಂದೇ. 2016ರ ನಿಯಮಗಳ ಪ್ರಕಾರ ಅರ್ಜಿದಾರ ವೈದ್ಯರ ಸರ್ಟಿಫಿಕೇಟ್ ತರಬೇಕು: ಮನಸ್ಸು ನೆಟ್ಟಗಿದೆ, ಮೈ ಗಟ್ಟಿಯಿದೆ, ಕುಡಿತ ಅಥವಾ ಮಾದಕ ವಸ್ತುವಿಗೆ ದಾಸನಲ್ಲ ಎಂದು. ಒಳ್ಳೆಯ ನಿಯಮ. ಶಾಸಕ ಸ್ಥಾನಕ್ಕೆ ನಾಮಪತ್ರ ಹಾಕುವವರಿಗೆ ಮಾತ್ರ ಇಂಥ ಸರ್ಟಿಫಿಕೇಟ್ ಬೇಕಾಗಿಲ್ಲ. ಗೆದ್ದ ಮೇಲೆ ಸರ್ಕಾರವೇ ಗನ್ನು ಹಿಡಿದವನನ್ನು ಜೊತೆಗೆ ಕಳಿಸುತ್ತದೆ.

ಈ ವಿಷಯದಲ್ಲಿ ನಮ್ಮ ಸೀಮೆಗೆ ರಾಜ್ಯಮಟ್ಟದ ಕೀರ್ತಿಯೂ ಉಂಟು. 2019ರ ಜನವರಿಯಲ್ಲಿ, ಬೇರೆ ಪಕ್ಷದ ಶಾಸಕರನ್ನು ಸೆಳೆಯುವ ಬಿಜೆಪಿಯ 'ಆಪರೇಷನ್ ಕಮಲ'ದಿಂದ ಕಾಪಾಡಲೆಂದು ಕಾಂಗ್ರೆಸ್ ತನ್ನ ಶಾಸಕರನ್ನು ಬಿಡದಿ ಹತ್ತಿರದ ಈಗಲ್‌ಟನ್ ರೆಸಾರ್ಟಿನಲ್ಲಿ ಇಟ್ಟಿತ್ತು. ಅಪಾಯ ಹೊರಗಿನಿಂದ ಬರಲಿಲ್ಲ. ವಿಜಯನಗರ ಕ್ಷೇತ್ರದ ಆನಂದ್ ಸಿಂಗ್ ಆಸ್ಪತ್ರೆ ಸೇರಿದರು, ತಮ್ಮ ಮೇಲೆ ಹಲ್ಲೆ ಮಾಡಿದವರು ಪಕ್ಕದ ಕ್ಷೇತ್ರದ, ಅದೇ ಪಕ್ಷದ ಕಂಪ್ಲಿ ಶಾಸಕ ಜೆ.ಎನ್. ಗಣೇಶ್ ಎಂದು ದೂರು ಕೊಟ್ಟರು. ಮೊದಲು ಎದೆನೋವು ಎಂದಿದ್ದ ಪಕ್ಷ ಆಮೇಲೆ ಗಣೇಶ್ ಅವರನ್ನು ಅಮಾನತು ಮಾಡಿತು. ಗಣೇಶ್ ಆರೋಪ ಅಲ್ಲಗಳೆದರು. ಕೊಲೆ ಯತ್ನದ ಪ್ರಕರಣ ದಾಖಲಾಗಿ, ಫೆಬ್ರುವರಿಯಲ್ಲಿ ಪೊಲೀಸರು ಅವರನ್ನು ಗುಜರಾತಿನಲ್ಲಿ ಬಂಧಿಸಿದರು. ಪಿಸ್ತೂಲು ಕೊಡಿ ಎಂದು ಕೂಗಿದರೆಂಬ ಆರೋಪವೂ ದೂರಿನಲ್ಲಿತ್ತೆಂದು ಆಗ ವರದಿಯಾಗಿತ್ತು. ಪುಣ್ಯಕ್ಕೆ ಗುಂಡು ಹಾರಲಿಲ್ಲ. ದೂರಿನ ಪ್ರಕಾರ ಅವತ್ತು ಬಳಕೆಯಾದ ಆಯುಧ ಹೂಕುಂಡ, ಅದಕ್ಕೆ ಯಾವ ಡಿಸಿಯ ಲೈಸೆನ್ಸೂ ಬೇಕಿಲ್ಲ. ಮುಂದೆ ಆನಂದ್ ಸಿಂಗ್ ಬಿಜೆಪಿ ಸೇರಿ ಮಂತ್ರಿಯಾದರು, ಗಣೇಶ್ 2023ರಲ್ಲಿ ಕಾಂಗ್ರೆಸ್ಸಿನಿಂದಲೇ ಮತ್ತೆ ಗೆದ್ದರು. ಸೋತದ್ದು ಹೂಕುಂಡವೊಂದೇ.

ಅದೇ 2019ರ ಡಿಸೆಂಬರಿನಲ್ಲಿ ಸಂಸತ್ತು ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ತಂದಿತು. ಅಲ್ಲಿಯ ತನಕ ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು. ಮಸೂದೆ ಬಂದಾಗ 'ಒಬ್ಬರಿಗೆ ಒಂದೇ' ಎಂದಿತ್ತು. ವಂಶದ ಗೌರವ, ಅಜ್ಜನ ನೆನಪು, ಮನೆತನದ ಪರಂಪರೆ ಎಂಬ ಮಾತುಗಳೆಲ್ಲ ಬಂದವು. ಕಾನೂನಾಗುವ ಹೊತ್ತಿಗೆ ಒಂದು ಎರಡಾಗಿತ್ತು. ಮದುವೆ, ಮೆರವಣಿಗೆಯ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಸಂಚಕಾರ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದೂ ಬರೆದರು. ಸಂಭ್ರಮ ಯಾರದ್ದು, ಎಫ್‌ಐಆರ್ ಬರೆಯುವವನು ಯಾರ ಶಿಫಾರಸಿನ ಮೇಲೆ ಆ ಠಾಣೆಗೆ ವರ್ಗವಾಗಿ ಬಂದವನು ಎಂಬುದು ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ.

ಇನ್ನು ಹಂಪಿಯ ಮಾತು. ಹುಟ್ಟುಹಬ್ಬ ಬಂದರೆ ನಮ್ಮಲ್ಲಿ ನಾಯಕರೆಲ್ಲ ಫ್ಲೆಕ್ಸಿನ ಮೇಲೆ 'ಅಭಿನವ ಕೃಷ್ಣದೇವರಾಯ'ರಾಗುತ್ತಾರೆ. ನಿಜವಾದ ಕೃಷ್ಣದೇವರಾಯನ ಜೊತೆಗೂ ಗನ್‌ಮ್ಯಾನ್‌ಗಳಿದ್ದರು. 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ತೊವಾವೊ ಡಿ ಫಿಗೆರೆಡೊ ಎಂಬ ಪೋರ್ಚುಗೀಸನೂ ಅವನ ಕೋವಿಗಾರರೂ ಕೋಟೆ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಉರುಳಿಸಿದ್ದನ್ನು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಅರಸನಿಗೆ ಕೋವಿಗಾರರು ನೆರವಾದದ್ದು ಕೋಟೆ ಗೆಲ್ಲಲಿಕ್ಕೆ. ಅಭಿನವರು ಕರೆದೊಯ್ಯುವುದು ಸೀಮಂತಕ್ಕೆ, ನಾಮಕರಣಕ್ಕೆ, ಬೋರ್‌ವೆಲ್ ಪೂಜೆಗೆ.

ಈಗ ಚುನಾವಣೆಗೆ ಬನ್ನಿ. ಸಂಡೂರಿನವರು 2023ರ ಮೇನಲ್ಲಿ ವಿಧಾನಸಭೆಗೆ, 2024ರ ಮೇನಲ್ಲಿ ಲೋಕಸಭೆಗೆ, ಅದೇ ವರ್ಷ ನವೆಂಬರ್ 13ರಂದು ಉಪಚುನಾವಣೆಗೆ ಓಟು ಹಾಕಿದರು. ಶಾಸಕರಾಗಿದ್ದ ಇ. ತುಕಾರಾಂ ಸಂಸದರಾದರು, ಅವರ ಪತ್ನಿ ಅನ್ನಪೂರ್ಣ ಶಾಸಕಿಯಾದರು. ನೀತಿ ಸಂಹಿತೆ ಬಂದಾಗಲೆಲ್ಲ ಬಂದೂಕು ಠಾಣೆಗೆ ಒಪ್ಪಿಸುವ ಪ್ರಶ್ನೆಯೂ ಬರುತ್ತದೆ. ಯಾರದು ಇಡಿಸಿಕೊಳ್ಳಬೇಕು, ಯಾರಿಗೆ ವಿನಾಯಿತಿ ಎಂದು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರ ಪೂರ್ವಾಪರ ನೋಡಿ ತೀರ್ಮಾನಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಜಾಮೀನಿನ ಮೇಲಿರುವವರು, ಗಲಭೆ ಹಿನ್ನೆಲೆಯವರು ಪಟ್ಟಿಯಲ್ಲಿ ಮೊದಲು ಬರಬೇಕು. ಕಾಡುಹಂದಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಅಂಚಿನಲ್ಲಿ ಹೊಲ ಮಾಡುವವನು ಠಾಣೆಯ ರಸೀದಿಯನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು, ತಗಡಿನ ಡಬ್ಬ ಬಡಿಯುತ್ತ ರಾತ್ರಿ ಕಳೆಯುತ್ತಾನೆ. ಅವನಿಂದ ಯಾವ ಮತಗಟ್ಟೆಗೂ ಭಯವಿಲ್ಲ.

ಭಯ ಎಲ್ಲಿಂದ ಬರುತ್ತದೆಂದು ತಿಳಿಯಲು ಬಳ್ಳಾರಿಗೆ ಹೋದರೆ ಸಾಕು. 2026ರ ಜನವರಿ 1ರಂದು, ವಾಲ್ಮೀಕಿ ಪ್ರತಿಮೆ ಅನಾವರಣದ ಬ್ಯಾನರ್ ಕಟ್ಟುವ ವಿಷಯಕ್ಕೆ ಇಬ್ಬರು ಶಾಸಕರ ಬೆಂಬಲಿಗರು ಬೀದಿಯಲ್ಲಿ ಹೊಡೆದಾಡಿದರು. ಗುಂಡು ಹಾರಿ ಒಬ್ಬ ಯುವ ಕಾರ್ಯಕರ್ತ ಸತ್ತ. ಗುಂಡು ಬಂದದ್ದು ಖಾಸಗಿ ಗನ್‌ಮ್ಯಾನ್ ಒಬ್ಬನ ಬಂದೂಕಿನಿಂದ ಎಂದು ತನಿಖೆ ಹೇಳಿತು. ಅವತ್ತಷ್ಟೇ ಅಧಿಕಾರ ವಹಿಸಿಕೊಂಡಿದ್ದ ಎಸ್‌ಪಿ ಅಮಾನತಾದರು. ಕಾವ್ಯ ಬರೆದ ಕವಿಯ ಹೆಸರಿನ ಬಟ್ಟೆಯ ಬ್ಯಾನರಿಗೆ ಒಂದು ಜೀವ ಹೋಯಿತು. ಸದನದಲ್ಲಿ ಎರಡೂ ಕಡೆಯವರಿಗೆ ಮಾತಾಡಲು ವಿಷಯ ಸಿಕ್ಕಿತು, ಒಂದು ತಾಯಿಗೆ ಮಗ ಸಿಗಲಿಲ್ಲ.

ಇಲ್ಲಿ ನಗು ನಿಲ್ಲಿಸಿ ಒಂದು ಮಾತು. ಬಂದೂಕಿನ ಕಾನೂನು ಮಾಡುವ ಅಧಿಕಾರ ನಮ್ಮ ಶಾಸಕರಿಗಿಲ್ಲ, ನಿಜ. ಆದರೆ ಶಿಫಾರಸು ಪತ್ರ ಬರೆಯದೆ ಇರುವ ಅಧಿಕಾರ ಪೂರ್ತಿ ಅವರದೇ. ಖಾಸಗಿ ಗನ್‌ಮ್ಯಾನ್‌ನನ್ನು ಮನೆಗೆ ಕಳಿಸುವುದಕ್ಕೆ ದಿಲ್ಲಿಯ ಅಪ್ಪಣೆ ಬೇಡ. ಪರಿಶೀಲನಾ ಸಮಿತಿ ಯಾರಿಗೆ ವಿನಾಯಿತಿ ಕೊಟ್ಟಿತು, ಯಾಕೆ ಕೊಟ್ಟಿತು ಎಂಬ ಪಟ್ಟಿಯನ್ನು ಡಿಸಿ ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿ ಎಂದು ಸದನದಲ್ಲಿ ಕೇಳಲು ಯಾವ ಅನುಸೂಚಿಯೂ ಅಡ್ಡ ಬರುವುದಿಲ್ಲ. ಕೇಳುವುದಿಲ್ಲ, ಯಾಕೆಂದರೆ ಅವರ ಮೇಲೆ ಆ ಒತ್ತಡವನ್ನು ನಾವು ಹಾಕಿಯೇ ಇಲ್ಲ. ನಾವೂ ಮದುವೆ ಮನೆಯಲ್ಲಿ ಎದ್ದು ನಿಂತದ್ದು ಗನ್‌ಮ್ಯಾನ್ ಇದ್ದವನಿಗೇ.

ಮುಂದಿನ ಸಲ ಅಣ್ಣ ಓಟು ಕೇಳಲು ಬಂದಾಗ ರಸ್ತೆ, ನೀರು, ಚರಂಡಿ ಎಲ್ಲ ಕೇಳಿ. ಜೊತೆಗೆ ಇದನ್ನೂ ಕೇಳಿ: "ನಿಮ್ಮ ಹಿಂದೆ ನಿಂತವನ ಸೊಂಟದಲ್ಲಿರೋ ಗನ್ ಯಾರ ಹೆಸರಿನಲ್ಲಿದೆ, ಅದಕ್ಕೆ ಶಿಫಾರಸು ಬರೆದವರು ಯಾರು?" ಉತ್ತರ ಬರದಿದ್ದರೆ ಕೈ ಮುಗಿದು ಕಳಿಸಿ. ಓಟು ಹಾಕಲು ಲೈಸೆನ್ಸ್ ಬೇಕಿಲ್ಲ, ಹಾಕದಿರಲೂ ಬೇಕಿಲ್ಲ.