ಗೇರಿಗೆ ಗ್ರಹಚಾರ, ಚಾಲಕನಿಗೆ ಶಾಂತಿ

ಕಾರು ನಡುಗಿದರೆ ತಪ್ಪು ಯಾರದು? ನಮ್ಮೂರಲ್ಲಾದರೆ ರಸ್ತೆಯದು ಎಂದು ಕಣ್ಣು ಮುಚ್ಚಿ ಹೇಳಿಬಿಡಬಹುದು. ಆಸ್ಟ್ರೇಲಿಯಾದ ರಸ್ತೆಗಳು ಆ ಅನುಕೂಲ ಮಾಡಿಕೊಡುವುದಿಲ್ಲ. ಹಾಗಾಗಿ ಅಲ್ಲಿನ ಫೋರ್ಡ್ ಕಂಪನಿ ಕೈಗೆ ಸಿಕ್ಕ ಇನ್ನೊಬ್ಬ ಆಸಾಮಿಯನ್ನು ಹಿಡಿಯಿತು: ಸ್ಟೀರಿಂಗ್ ಹಿಡಿದು ಕೂತವನನ್ನು. ಫಿಯೆಸ್ಟಾ, ಫೋಕಸ್, ಎಕೋಸ್ಪೋರ್ಟ್ ಕೊಂಡವರು ನಡುಕದ ದೂರು ಹೊತ್ತು ಬಂದರೆ, ‘ನೀವು ಓಡಿಸುವ ರೀತಿಯೇ ಹಾಗೆ’ ಎಂಬ ಸಮಾಧಾನ ಮತ್ತೆ ಮತ್ತೆ ಸಿಗುತ್ತಿತ್ತು. ನಡುಕ ಗೇರ್‌ಬಾಕ್ಸ್ ದೋಷದ ಲಕ್ಷಣವೆಂದು ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೂ ಗ್ರಾಹಕರನ್ನು ಹೀಗೆ ನಡೆಸಿಕೊಂಡದ್ದು ಆತ್ಮಸಾಕ್ಷಿಗೆ ವಿರುದ್ಧವಾದ ನಡವಳಿಕೆ ಎಂದು 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟ್ ಸಾರಿತು. ದಂಡ 1 ಕೋಟಿ ಡಾಲರ್. ಕಂಪನಿ ಒಪ್ಪಿಕೊಂಡೇ ಕಟ್ಟಿತು.

ಜಾತಕದಲ್ಲಿ ಗ್ರಹ ಕೆಟ್ಟರೂ ಶಾಂತಿ ಮಾಡಿಸಬೇಕಾದವನು ಯಜಮಾನನೇ ತಾನೆ? ಜ್ಯೋತಿಷಿ ಯಾವತ್ತಾದರೂ ಶನಿಯನ್ನು ಕರೆಸಿ ವಿಚಾರಿಸಿದ್ದುಂಟೇ? ಸರ್ವಿಸ್ ಕೌಂಟರಿನಲ್ಲಿ ನಡೆದದ್ದೂ ಅದೇ. ಪವರ್‌ಶಿಫ್ಟ್ ಎಂಬ ಆ ಗೇರ್‌ಬಾಕ್ಸಿನ 70,000ಕ್ಕೂ ಹೆಚ್ಚು ಕಾರುಗಳು ಆಸ್ಟ್ರೇಲಿಯಾದಲ್ಲಿ ಮಾರಾಟವಾಗಿದ್ದವು. ಸುಮಾರು ಅರ್ಧದಷ್ಟು ಒಮ್ಮೆಯಾದರೂ ಗೇರ್‌ಬಾಕ್ಸ್ ರಿಪೇರಿಗೆ ಹೋಗಿ ಬಂದವು. ಅಷ್ಟೂ ಮಂದಿ ಒಂದೇ ಗುರುವಿನ ಬಳಿ ಕೆಟ್ಟ ಡ್ರೈವಿಂಗ್ ಕಲಿತಿರಬೇಕು, ಪಾಪ. ಅವರು ಬೇರೆ ಕಂಪನಿಯ ಕಾರು ಹತ್ತಿದ ಕೂಡಲೇ ಚಾಳಿ ಬಿಟ್ಟುಹೋದದ್ದು ಇನ್ನೊಂದು ಪವಾಡ.

ಒಳಗಿನ ಸಂಗತಿ ಇಷ್ಟೇ. ಈ ಗೇರ್‌ಬಾಕ್ಸಿನಲ್ಲಿ ಎರಡು ಕ್ಲಚ್. ಒಂದು, ಮೂರು, ಐದನೇ ಗೇರಿಗೆ ಒಂದು; ಎರಡು, ನಾಲ್ಕು, ಆರಕ್ಕೆ ಇನ್ನೊಂದು. ಎಣ್ಣೆಯಲ್ಲಿ ಮುಳುಗದ ಒಣ ಕ್ಲಚ್‌ಗಳು. ಯಾವಾಗ ಯಾವುದನ್ನು ಒತ್ತಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದು ಟಿಸಿಎಂ, ಅಂದರೆ ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರ್. ಅದನ್ನು ತಂಪಾದ ಜಾಗದಲ್ಲಿ ಕೂರಿಸುವುದು ಬಿಟ್ಟು, ಕಾದು ಅದುರುವ ಗೇರ್‌ಬಾಕ್ಸಿನ ಮೈಗೇ ಬೋಲ್ಟ್ ಹಾಕಿ ಬಿಗಿದರು. ಒಳಗಿನ ಬೆಸುಗೆ ಬಿರುಕು ಬಿಟ್ಟಿತು, ಒಂದು ಚಿಪ್ ಕೈಕೊಟ್ಟಿತು. ಟಿಸಿಎಂ ತಲೆತಿರುಗಿ ಬಿದ್ದರೆ ಕಾರು ಸ್ಟಾರ್ಟ್ ಆಗದಿರಬಹುದು. ಇಲ್ಲವೇ ಹೋಗುತ್ತಿದ್ದಂತೆಯೇ ಚಕ್ರಕ್ಕೆ ಶಕ್ತಿ ಹೋಗುವುದು ನಿಲ್ಲಬಹುದು. ಅಡಿಲೇಡ್ ಬೆಟ್ಟಸಾಲಿನಿಂದ ಇಳಿಯುವ ಸೌತ್ ಈಸ್ಟರ್ನ್ ಫ್ರೀವೇಯಲ್ಲಿ ಹಿಂದೆ ಲಾರಿ ಬರುತ್ತಿರುವಾಗ ಹೀಗಾದರೆ, ಓಡಿಸುವ ರೀತಿ ತಿದ್ದಿಕೊಳ್ಳಲು ಚಾಲಕನಿಗೆ ಸಾಕಷ್ಟು ಸಮಯ ಸಿಗುತ್ತದೆ, ಬದುಕಿ ಉಳಿದರೆ.

ಎಕೋಸ್ಪೋರ್ಟಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಆಸ್ಟ್ರೇಲಿಯಾದಲ್ಲಿ ಮಾರಿದ ಆ ಕಾರುಗಳಲ್ಲಿ ಹಲವು ಚೆನ್ನೈ ಬಳಿಯ ಮರೈಮಲೈನಗರದಲ್ಲಿ ತಯಾರಾಗಿ ಹಡಗು ಹತ್ತಿದ್ದವು. ಹುಬ್ಬಳ್ಳಿಯ ಎಂಜಿನಿಯರ್ ಪರ್ತ್‌ಗೆ ಹೋಗಬೇಕಾದರೆ ಇಂಗ್ಲಿಷ್ ಪರೀಕ್ಷೆ, ಎದೆಯ ಎಕ್ಸ್‌ರೇ, ಪೊಲೀಸ್ ಪ್ರಮಾಣಪತ್ರ, ಹತ್ತು ವರ್ಷದ ವಿಳಾಸಗಳ ಪಟ್ಟಿ. ಗೇರ್‌ಬಾಕ್ಸಿಗೆ ಈ ಕಾಟ ಯಾವುದೂ ಇರಲಿಲ್ಲ. ವರ್ಷಗಟ್ಟಲೆ ಊರಲ್ಲಿ ಕ್ಲಚ್ ತುಳಿದು ತುಳಿದು ಎಡಗಾಲು ಸೋತವನು ಅಲ್ಲಿ ‘ಸದ್ಯ, ಆಟೋಮ್ಯಾಟಿಕ್’ ಎಂದು ನಿಟ್ಟುಸಿರು ಬಿಟ್ಟ. ಕ್ಲಚ್ ಮಾತ್ರ ಬಿಡಲಿಲ್ಲ. ಕಾಲಡಿಯಿಂದ ತಪ್ಪಿಸಿಕೊಂಡು ಎರಡಾಗಿ ಒಳಗೆ ಕೂತಿತ್ತು.

ಕೆಟ್ಟ ಟಿಸಿಎಂ ಬದಲಿಸುವುದಾದರೂ ಸುಲಭವೇ? ಶಿವಾಜಿನಗರದ ಗುಜರಿಯಲ್ಲಿ ಹಳೆಯದೊಂದನ್ನು ಹುಡುಕಿ, ನಾಲ್ಕು ಬೋಲ್ಟ್ ಬಿಗಿದು, ‘ಹೊಡಿ ಸ್ಟಾರ್ಟು’ ಎನ್ನುವ ಕಾಲವಲ್ಲ ಇದು. ಹೊಸ ಮಾಡ್ಯೂಲಿಗೆ ಕಾರಿನ ಗುರುತಿನ ಸಂಖ್ಯೆ ಹೇಳಿಕೊಡಬೇಕು, ಸಾಫ್ಟ್‌ವೇರ್ ತುಂಬಬೇಕು, ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಕಲಿಸಬೇಕು. ಈ ವಿದ್ಯೆಯನ್ನು ಬೀದಿ ಕೊನೆಯ ಮೆಕ್ಯಾನಿಕ್‌ಗೂ ಹಣ ಪಡೆದಾದರೂ ಹೇಳಿಕೊಡಿ ಎಂದು ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಆಸ್ಟ್ರೇಲಿಯಾದಲ್ಲಿ ಜಾರಿಯಾದದ್ದು 2022ರ ಜುಲೈ 1ರಂದು. ಅಲ್ಲಿಯವರೆಗೆ ಡೀಲರನೇ ದೇವರು, ಅವನು ಕೊಟ್ಟದ್ದೇ ಪ್ರಸಾದ. ಇನ್ನು ಬಿಡಿಭಾಗವೋ, ಹೊರದೇಶದಿಂದಲೇ ಬರಬೇಕು: ಬ್ರಾಡ್‌ಮೆಡೋಸ್‌ನ ಫೋರ್ಡ್ ಕಾರ್ಖಾನೆ 2016ರಲ್ಲಿ, ಅಡಿಲೇಡಿನ ಎಲಿಜಬೆತ್‌ನಲ್ಲಿದ್ದ ಹೋಲ್ಡನ್ ಕಾರ್ಖಾನೆ 2017ರಲ್ಲಿ ಬಾಗಿಲು ಹಾಕಿದವು. ಅಡಿಲೇಡಿಗೆ ಬಂದ ಸಾಮಾನು ಪರ್ತ್ ಮುಟ್ಟಲು ಇನ್ನೂ 2,700 ಕಿಲೋಮೀಟರ್, ನಡುವೆ ನಲ್ಲಾರ್‌ಬರ್ ಬಯಲು. ಅಲ್ಲಿಯತನಕ ಮಕ್ಕಳನ್ನು ಶಾಲೆಗೆ ಬಿಡಲು ಪಕ್ಕದ ಮನೆಯವರ ದಾಕ್ಷಿಣ್ಯವೇ ಗತಿ.

ಕಾರು ಬೇಡವೇ ಬೇಡ ಎಂದವರಿಗೂ ಕಂಪನಿ ದಾರಿ ತೋರಿಸಿತ್ತು: ಇದನ್ನು ನಮಗೆ ಕೊಡಿ, ಮೇಲಷ್ಟು ದುಡ್ಡು ಹಾಕಿ, ಇನ್ನೊಂದು ಫೋರ್ಡ್ ಒಯ್ಯಿರಿ. ಅದಕ್ಕಿಟ್ಟ ಹೆಸರಿನಲ್ಲಿ ನಿಷ್ಠೆಯ ಗುಣಗಾನವೂ ಇತ್ತು! ಹಾಗೆ ವಾಪಸಾದ ಕಾರುಗಳನ್ನು ಹಳೆಯ ರೋಗ ಹೇಳದೆಯೇ ಬೇರೆಯವರಿಗೆ ಮಾರಲಾಯಿತು ಎಂದು ಅಲ್ಲಿನ ಗ್ರಾಹಕ ಆಯೋಗ, ಎಸಿಸಿಸಿ, 2017ರಲ್ಲಿ ಆರೋಪಿಸಿತ್ತು. ವಧುವಿನ ಕಡೆಯವರಿಂದ ಮೂರ್ಛೆರೋಗ ಮುಚ್ಚಿಟ್ಟ ಮನೆತನಗಳನ್ನು ನಾವು ಇನ್ನು ಮುಂದೆ ಹಳ್ಳಿಗರೆಂದು ಜರೆಯಬೇಕಿಲ್ಲ.

ಬಾಧಿತರು ಒಟ್ಟಾಗಿ ಹೂಡಿದ ದಾವೆಯಲ್ಲಿ 2021ರ ಜೂನ್‌ನಲ್ಲಿ ಫೆಡರಲ್ ಕೋರ್ಟ್ ಗೇರ್‌ಬಾಕ್ಸಿನ ದೋಷಗಳನ್ನು ಒಂದೊಂದಾಗಿ ಪಟ್ಟಿ ಮಾಡಿತು: ಸೋರುವ ಸೀಲು, ಕ್ಲಚ್ಚಿನ ಲೈನಿಂಗ್, ಚಿಪ್, ಬಿರುಕು ಬಿಟ್ಟ ಬೆಸುಗೆ. ಆ ಪಟ್ಟಿಯಲ್ಲಿ ಚಾಲಕನ ಬಲಗಾಲು ಇರಲಿಲ್ಲ. ಕಾರಿನ ಮೌಲ್ಯ ಎಷ್ಟು ಇಳಿದಿತ್ತು, ಯಾವ ದಿನದ ಲೆಕ್ಕ ಹಿಡಿಯಬೇಕು ಎಂಬ ಜಗಳ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಹತ್ತಿತು. ಗ್ರಾಹಕನ ಕೈಗೆ ಕಾರು ಕೊಟ್ಟ ಸಮಯದ್ದೇ ಲೆಕ್ಕ ಎಂದು ಅದು ಹೇಳಿದಾಗ 2024ರ ನವೆಂಬರ್ ಬಂದಿತ್ತು. ನ್ಯಾಯದ ಗೇರ್‌ಬಾಕ್ಸಿನಲ್ಲೂ ಎರಡು ಕ್ಲಚ್ ಇರಬೇಕು, ಎರಡೂ ಒಣಗಿದವು.

ಇಷ್ಟಾದರೂ ಅಲ್ಲಿ ನೆಲೆಸಿದ ನಮ್ಮವರ ಸಂಕೋಚ ಹೋಗಿಲ್ಲ. ತರಕಾರಿಯವಳ ಹತ್ತಿರ ಕೊತ್ತಂಬರಿ ಕಟ್ಟಿಗೆ ಕಾಲು ಗಂಟೆ ಚೌಕಾಸಿ ಮಾಡುವ ನಾವು, ಟೈ ಕಟ್ಟಿದವನು ‘ವಾರಂಟಿ ಮುಗಿದಿದೆ’ ಎಂದರೆ ಥ್ಯಾಂಕ್ಸ್ ಹೇಳಿ ಹೊರಬರುತ್ತೇವೆ. 2011ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿಗೆ ಕಂಪನಿಯ ವಾರಂಟಿ ಪುಸ್ತಕ ಲಕ್ಷ್ಮಣರೇಖೆಯಲ್ಲ. ಸರಕು ನ್ಯಾಯವಾಗಿ ಬಾಳಬೇಕಾದಷ್ಟು ಕಾಲ ಬಾಳಬೇಕು. ದೋಷ ದೊಡ್ಡದಾದರೆ ಹಣ ವಾಪಸೋ, ಬದಲಿ ಕಾರೋ ಎಂದು ಆರಿಸುವ ಹಕ್ಕು ಕೊಂಡವನದು. ಕಂಪನಿಯನ್ನು ಕೇಳಿ ಎಂದು ಡೀಲರ್ ಜಾರಿಕೊಳ್ಳುವಂತಿಲ್ಲ. ಬ್ರಿಸ್ಬೇನಿನವರಿಗಂತೂ ಕ್ಯೂಕ್ಯಾಟ್ ನ್ಯಾಯಮಂಡಳಿಯಲ್ಲಿ 2019ರ ಸೆಪ್ಟೆಂಬರ್‌ನಿಂದ ವಾಹನದ ತಕರಾರು 1,00,000 ಡಾಲರ್‌ವರೆಗೆ ಒಯ್ಯುವ ಅವಕಾಶವಿದೆ. ಪರ್ತ್, ಅಡಿಲೇಡಿನವರಿಗೆ ರಾಜ್ಯದ ಗ್ರಾಹಕ ಕಚೇರಿ, ಮ್ಯಾಜಿಸ್ಟ್ರೇಟ್ ಕೋರ್ಟ್.

ಅಷ್ಟು ದೂರ ಹೋಗುವ ಮೊದಲು ಒಂದು ಅಗ್ಗದ ಉಪಾಯವಿದೆ. ಕೌಂಟರಿನಾಚೆಯವನು ‘ಇದು ನಿಮ್ಮ ಡ್ರೈವಿಂಗ್‌ನಿಂದ ಆದದ್ದು’ ಎಂದ ಕೂಡಲೇ ಪೆನ್ನು ಅವನ ಮುಂದಿಡಿ. ‘ಇದನ್ನೇ ಕಂಪನಿಯ ಲೆಟರ್‌ಹೆಡ್ ಮೇಲೆ ಬರೆದು, ಸಹಿ ಹಾಕಿ ಕೊಡಿ’ ಎನ್ನಿ. ಗೇರ್‌ಬಾಕ್ಸ್ ಅಷ್ಟರಲ್ಲೇ ದುರಸ್ತಿಯಾಗುವುದಿಲ್ಲ, ನಿಜ. ಆದರೆ ನಿಮ್ಮ ಡ್ರೈವಿಂಗ್ ಮಾತ್ರ ತಕ್ಷಣ ಸುಧಾರಿಸಿಬಿಡುತ್ತದೆ.