ಬೇರಿಂಗ್ ಹೋಗಿದೆ

ನಮ್ಮ ವಾಷಿಂಗ್ ಮೆಷಿನ್ನು ಸದ್ದು ಮಾಡಲು ಶುರುವಿಟ್ಟಿದ್ದು 2024ರ ಯುಗಾದಿಗೆ ಒಂದು ವಾರ ಮುಂಚೆ. ಮೊದಮೊದಲು ರಾಗಿಕಲ್ಲು ಬೀಸಿದಂತೆ ಗೊರಗೊರ. ಎರಡು ದಿನ ಕಳೆದ ಮೇಲೆ ಹಿಟ್ಟಿನ ಗಿರಣಿ. ಹಬ್ಬಕ್ಕೆಂದು ಕರ್ಟನ್ನುಗಳನ್ನೆಲ್ಲ ಹಾಕಿದ ದಿನ ಅದು ನೆಲ ಬಿಟ್ಟು ಏಳುವ ತಯಾರಿಯಲ್ಲೇ ಇತ್ತು. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಬೋರ್ ಕೊರೆಸ್ತಿದ್ದೀರಾ?" ಎಂದು ಕೇಳಿದರು. ಮೊದಲನೇ ಮಹಡಿಯಲ್ಲಿ ಬೋರ್ ಕೊರೆಸುವಷ್ಟು ಬೆಂಗಳೂರು ಇನ್ನೂ ಮುಂದುವರಿದಿಲ್ಲ ಎಂದು ಸಮಾಧಾನ ಹೇಳಿ ಕಳಿಸಿದೆ.

ಕಂಪನಿಯ ಹುಡುಗ ಬಂದ. ಬಟ್ಟೆ ಹಾಕುವ ಡ್ರಮ್ಮನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ, ಕಿವಿ ಇಟ್ಟ, ಕಣ್ಣು ಮುಚ್ಚಿದ. "ಬೇರಿಂಗ್ ಹೋಗಿದೆ ಮೇಡಂ" ಎಂದ. ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಹೇಳುತ್ತಾರಲ್ಲ, ಅದೇ ದನಿ. ಡ್ರಮ್ಮಿನ ಹಿಂದೆ ಒಂದು ರಬ್ಬರ್ ಸೀಲು ಇರುತ್ತದಂತೆ. ಅದು ಸವೆದರೆ ನೀರು ಒಳಗೆ ಜಿನುಗಿ, ಬೇರಿಂಗಿನ ಗ್ರೀಸು ತೊಳೆದುಹೋಗಿ, ಗುಂಡುಗಳು ತುಕ್ಕು ಹಿಡಿಯುತ್ತವೆ. ಹಾಗಾದರೆ ಬೇರಿಂಗ್ ಬದಲಿಸಪ್ಪ ಎಂದೆ. ಆಗುವುದಿಲ್ಲವಂತೆ. ಡ್ರಮ್ಮನ್ನು ಹೊತ್ತ ಪ್ಲಾಸ್ಟಿಕ್ ಟಬ್ಬಿನ ಎರಡು ಹೋಳುಗಳನ್ನು ಫ್ಯಾಕ್ಟರಿಯಲ್ಲೇ ಬೆಸುಗೆ ಹಾಕಿಬಿಟ್ಟಿರುತ್ತಾರೆ, ಬಿಚ್ಚಲು ಬರುವುದಿಲ್ಲ, ಇಡೀ ಟಬ್ಬನ್ನೇ ಬದಲಿಸಬೇಕು. 14,500 ರೂಪಾಯಿ. ಮೋಟಾರಿಗೆ 10 ವರ್ಷ ವಾರಂಟಿ ಇದೆಯಲ್ಲ ಎಂದು ನೆನಪಿಸಿದೆ. "ಮೋಟಾರು ಚೆನ್ನಾಗಿದೆ ಮೇಡಂ" ಎಂದ. ಮಂಡಿ ಹೋದವರಿಗೆ ಹಾರ್ಟು ಗಟ್ಟಿಯಿದೆ ಎಂದಂತಾಯಿತು.

ಅಲ್ಲಿಂದ ನಮ್ಮ ಮನೆಯಲ್ಲಿ ಅಧಿವೇಶನ ಶುರುವಾಯಿತು.

ಇವರು ಲೆಕ್ಕದ ಮನುಷ್ಯ. ಲ್ಯಾಪ್‌ಟಾಪು ತೆಗೆದು ಎಕ್ಸೆಲ್ ಶೀಟು ಬಿಡಿಸಿದರು. ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದು ಕೊಳ್ಳಬೇಕು, ಅರ್ಧಕ್ಕಿಂತ ಕಡಿಮೆಯಾದರೆ ರಿಪೇರಿ ಮಾಡಿಸಬೇಕು, ಇದು ಜಗತ್ತೇ ಒಪ್ಪಿದ ಸೂತ್ರ ಎಂದರು. ಹೊಸ ಮೆಷಿನ್ನಿನ ಬೆಲೆ ಹುಡುಕಿದರೆ 29,000. ಸರಿಯಾಗಿ ಅರ್ಧ! ಒಂದು ರೂಪಾಯಿ ಆಚೆ ಇಲ್ಲ, ಈಚೆ ಇಲ್ಲ. ಆ ರಾತ್ರಿ ಇವರು ನಿದ್ದೆ ಮಾಡಲಿಲ್ಲ. ಬೆಳಗ್ಗೆ ಶೀಟಿಗೆ ಇನ್ನೂ ಏಳು ಕಾಲಂ ಸೇರಿದ್ದವು. ಸವಕಳಿ, ಕರೆಂಟಿನ ಯೂನಿಟ್ಟು, ನೀರಿನ ಲೀಟರು, ಎಕ್ಸ್‌ಚೇಂಜ್ ಬೆಲೆ, ಇಎಂಐ ಬಡ್ಡಿ, ಏನೇನೋ. ಈ ಚರ್ಚೆ ಮುಗಿಯುವವರೆಗೆ ಐದು ಜನರ ಬಟ್ಟೆ ಒಗೆಯುವವರು ಯಾರು ಎಂಬ ಕಾಲಂ ಮಾತ್ರ ಇರಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಎಂಟನೇ ಕಾಲಂ ಹಾಕಿ ಅದರಲ್ಲಿ ಸೊನ್ನೆ ಬರೆಯುತ್ತಿದ್ದರು.

ಮಾವನವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತರಾದವರು. ಮೂವತ್ತಮೂರು ವರ್ಷ ರಸ್ತೆಗುಂಡಿ ಮುಚ್ಚಿಸಿದ ಅನುಭವ. ರಸ್ತೆ ಹಾಳಾಯಿತೆಂದು ರಸ್ತೆಯನ್ನೇ ಬಿಸಾಡುತ್ತಾರಾ ಎಂಬುದು ಅವರ ವಾದ. ಎಸ್.ಪಿ. ರೋಡಿಗೆ ಬಸ್ಸಿನಲ್ಲಿ ಹೋಗಿ, ಬೇರಿಂಗಿನ ನಂಬರ್ ಹೇಳಿ ರೇಟು ಕೇಳಿಕೊಂಡು ಬಂದರು. 6205 ಒಂದು, 6206 ಒಂದು, ಜೊತೆಗೆ ಸೀಲು, ಎಲ್ಲ ಸೇರಿ ಆರುನೂರು ರೂಪಾಯಿ ಚಿಲ್ಲರೆ. "ಆರುನೂರರ ಸಾಮಾನಿಗೆ ಹದಿನಾಲ್ಕೂವರೆ ಸಾವಿರದ ಎಸ್ಟಿಮೇಟು! ನಮ್ಮ ಇಲಾಖೆಯಲ್ಲೂ ಹೀಗೆ ಬರೀತಿರಲಿಲ್ಲಮ್ಮ" ಎಂದು ನನಗೆ ಹೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ಮೆಚ್ಚುಗೆಯೇ ಜಾಸ್ತಿ ಇದ್ದಂತೆ ಕಂಡಿತು.

ಮಾವನವರೇ ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ಕನ್ನು ಕರೆತಂದರು. ಆತ ಮೆಷಿನ್ನಿನ ಹಿಂಬದಿ ಬಿಚ್ಚಿದಾಗ ಮನೆಯವರೆಲ್ಲ ಸುತ್ತ ನಿಂತು ನೋಡಿದೆವು. ಎಂಟು ವರ್ಷದಿಂದ ಜೊತೆಯಲ್ಲಿದ್ದವರ ಹೊಟ್ಟೆಯೊಳಗೆ ಏನಿದೆ ಎಂದು ನಮಗೂ ಗೊತ್ತಿರಲಿಲ್ಲ. ಇದ್ದದ್ದು ಕಾಂಕ್ರೀಟು! ನಿಜವಾದ ಸಿಮೆಂಟಿನ ದೊಡ್ಡ ಗಟ್ಟಿ. ಸ್ಪಿನ್ ಆಗುವಾಗ ಮೆಷಿನ್ನು ಅಡ್ಡಾಡದಿರಲೆಂದು ಭಾರಕ್ಕೆ ಕೂರಿಸಿರುತ್ತಾರಂತೆ. ಸಾಗಿಸುವಾಗ ನಾಲ್ಕು ಜನ ಏದುಸಿರು ಬಿಟ್ಟಿದ್ದು ಯಾಕೆಂದು ಆಗ ತಿಳಿಯಿತು. ಮಾವನವರ ಮುಖ ಅರಳಿತು. ಬೆರಳ ಗೆಣ್ಣಿನಿಂದ ತಟ್ಟಿ, "ಕ್ಯೂರಿಂಗ್ ಚೆನ್ನಾಗಿ ಮಾಡಿದ್ದಾರೆ. ಇಂಥ ಕಾಂಕ್ರೀಟ್ ಇರೋ ಮೆಷಿನ್ನನ್ನ ಗುಜರಿಗೆ ಹಾಕ್ತೀಯೇನೋ?" ಎಂದು ಮಗನ ಮೇಲೆ ರೇಗಿದರು.

ಮೆಕ್ಯಾನಿಕ್ಕು ಟಾರ್ಚು ಬಿಟ್ಟು ನೋಡಿ, "ಸ್ಪೈಡರ್ರೂ ಸ್ವಲ್ಪ ತಿಂದುಹೋಗಿದೆ" ಎಂದ. ಅತ್ತೆ ಗಾಬರಿಯಿಂದ, "ಜೇಡ ಸೇರ್ಕೊಂಡಿದ್ಯಾ? ಹಿಟ್ ತರಲಾ?" ಎಂದರು. ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ಕಾಲಿನ ಅಲ್ಯುಮಿನಿಯಂ ಚೌಕಟ್ಟಿಗೆ ಆ ಹೆಸರು. ಡ್ರಮ್ಮು ಸ್ಟೀಲು, ಕಾಲು ಅಲ್ಯುಮಿನಿಯಂ, ಮಧ್ಯೆ ಸೋಪಿನ ನೀರು; ವರ್ಷಗಟ್ಟಲೆ ಹೀಗಿದ್ದರೆ ಅಲ್ಯುಮಿನಿಯಂ ಬಿಳೀ ಪುಡಿಯಾಗಿ ಉದುರುತ್ತದೆ. ಜೊತೆಗೆ ನಮ್ಮದು ಬೋರ್‌ವೆಲ್ ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಇವರು ಕಿಟ್ಟು ತರಿಸಿ ಅಳೆದಾಗ ನಮ್ಮದು 700 ದಾಟಿತ್ತು. ನೀರು ಕಾಯಿಸುವ ಹೀಟರಿನ ಮೇಲೆ ಸುಣ್ಣ ಎಷ್ಟು ಕಟ್ಟಿತ್ತೆಂದರೆ, ಕೆರೆದರೆ ಎಲೆ ಅಡಿಕೆಗೆ ಆಗುತ್ತಿತ್ತು.

ಮೆಕ್ಯಾನಿಕ್ಕಿನ ಪರಿಹಾರ ಸರಳ. ಬೆಸುಗೆ ಹಾಕಿದ ಟಬ್ಬನ್ನು ಸುತ್ತ ಕೊಯ್ದು, ಬೇರಿಂಗು, ಸೀಲು, ಸ್ಪೈಡರು ಬದಲಿಸಿ, ಮತ್ತೆ ಸ್ಕ್ರೂ ಹಾಕಿ ಸಿಲಿಕಾನ್ ಮೆತ್ತಿ ಮುಚ್ಚುವುದು. 6,500 ರೂಪಾಯಿ, ಆರು ತಿಂಗಳು ಗ್ಯಾರಂಟಿ. "ಸಿಸೇರಿಯನ್ನು" ಎಂದರು ಅತ್ತೆ. ಇವರಿಗೆ ಹೊಟ್ಟೆ ಕೊಯ್ದ ಮೆಷಿನ್ನಿನ ಮೇಲೆ ಭರವಸೆ ಬರಲಿಲ್ಲ. ಒಂಬತ್ತನೇ ಕ್ಲಾಸಿನ ಮಗ ಬೇರೆ, ಅರ್ಧ ಮೀಟರ್ ಅಗಲದ ಡ್ರಮ್ಮು ನಿಮಿಷಕ್ಕೆ 1,200 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ 113 ಕಿಲೋಮೀಟರು ಎಂದು ಲೆಕ್ಕ ಹಾಕಿ ಎಲ್ಲರನ್ನೂ ಹೆದರಿಸಿದ. ಬೆಂಗಳೂರಿನೊಳಗೆ ಆ ವೇಗ ಕಂಡಿರುವುದು ನಮ್ಮ ಮನೆಯ ಬನಿಯನ್ನು ಚಡ್ಡಿಗಳು ಮಾತ್ರ.

ಇವರು ಪರಿಹಾರಕ್ಕೆ ಸರ್ಕಾರದ ಮಟ್ಟಕ್ಕೂ ಹೋದರು. ರಿಪೇರಿಯ ಹಕ್ಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ಲನ್ನೂ ತೆರೆದಿದೆ. ಫ್ರಾನ್ಸಿನಲ್ಲಂತೂ 2021ರಲ್ಲೇ ವಾಷಿಂಗ್ ಮೆಷಿನ್ನಿನ ಮೇಲೆ, ಇದು ರಿಪೇರಿಗೆ ಎಷ್ಟು ಸುಲಭ ಎಂದು ಹತ್ತಕ್ಕೆ ಇಷ್ಟು ಅಂಕ ಅಂತ ಅಂಟಿಸುವ ನಿಯಮ ಬಂದಿತ್ತಂತೆ. ಊಟದ ಹೊತ್ತಿಗೆ ಇದನ್ನೆಲ್ಲ ಓದಿ ಹೇಳಿದರು. ಮಾವನವರು ಮಜ್ಜಿಗೆ ಕುಡಿದು, "ಹಕ್ಕು ಇದೆ, ಸರಿ. ಪಾನ ಎಲ್ಲಿದೆ?" ಎಂದರು.

ಹೀಗೆ ಇಪ್ಪತ್ತಮೂರು ದಿನ. ಅಷ್ಟೂ ದಿನ ನಾನು ತಾರಸಿಯ ಒಗೆಯೋ ಕಲ್ಲಿನ ಮುಂದೆ. ಮನೆ ಕಟ್ಟಿಸಿದಾಗ ಮಾವನವರೇ ಹಾಕಿಸಿದ್ದ ಕಲ್ಲು ಅದು, ಇಂದಿಗೂ ಬೇರಿಂಗ್ ಹೋಗಿಲ್ಲ. ಆ ಬೇಸಿಗೆ ನೆನಪಿದೆಯಲ್ಲ, ಊರಿಗೂರೇ ಟ್ಯಾಂಕರಿನ ಹಿಂದೆ ಓಡುತ್ತಿದ್ದ ಬೇಸಿಗೆ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಇವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಪಾಲಿಸಲು ಹೊಸದಾಗಿ ಏನೂ ಮಾಡಬೇಕಾಗಿರಲಿಲ್ಲ. ಎರಡು ಬಕೆಟ್ಟಿನಲ್ಲಿ ಐದು ಜನರ ಬಟ್ಟೆ ಜಾಲಿಸುವ ವಿದ್ಯೆ ನಾನು ಕಲಿತೆ. ಜೀನ್ಸ್ ಹಿಂಡುವುದು ಮಾತ್ರ ಒಬ್ಬರಿಂದ ಆಗುವ ಕೆಲಸವಲ್ಲ. ಮಗನನ್ನು ಆ ತುದಿಗೆ ನಿಲ್ಲಿಸಿದರೆ, ಅವನೇ ತಿರುಗುತ್ತಿದ್ದ, ಪ್ಯಾಂಟು ತಿರುಗುತ್ತಿರಲಿಲ್ಲ.

ಅಷ್ಟರಲ್ಲಿ ತಿಪಟೂರಿನಲ್ಲಿ ತಂಗಿಯ ಸೀಮಂತ ಬಂತು. ನಾಲ್ಕು ದಿನಕ್ಕೆಂದು ಹೊರಟೆ. ಹೊರಡುವಾಗ ಬಟ್ಟೆಯ ಬುಟ್ಟಿ ತುಂಬಿತ್ತು. ನಾನದನ್ನು ನೋಡಲಿಲ್ಲ. ನೋಡಲಿಲ್ಲ ಎಂದರೆ, ನೋಡಿ ನೋಡಲಿಲ್ಲ.

ಎರಡನೇ ದಿನ ಇವರ ಫೋನು: "ಕಾಲರು ಉಜ್ಜೋದು ಬ್ರಷ್ಷಿನಲ್ಲೋ, ಕೈಯಲ್ಲೋ?" ಸಂಜೆ ಮಾವನವರ ಫೋನು: "ನನ್ನ ಬಿಳೀ ಪಂಚೆಗೆ ಇವನ ನೀಲಿ ಟೀ ಶರ್ಟು ಹತ್ತಿದೆಯಮ್ಮ, ಏನು ಮಾಡೋದು?" ಮೂರನೇ ದಿನ ಯಾರೂ ಫೋನು ಮಾಡಲಿಲ್ಲ.

ನಾಲ್ಕನೇ ದಿನ ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ಇವರು, ಹಬ್ಬದ ಮುಖ. ಯುಟಿಲಿಟಿಯಲ್ಲಿ ಹೊಚ್ಚಹೊಸ ಮೆಷಿನ್ನು, ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿಲ್ಲ. ಎಕ್ಸೆಲ್ ಶೀಟು ಏನು ಹೇಳಿತು ಎಂದೆ. "ಅದನ್ನ ತೆರೆದೇ ಇಲ್ಲ" ಎಂದರು. ಎಕ್ಸ್‌ಚೇಂಜಿಗೆ ಹಳೆಯದು ಕೊಟ್ಟಿರಾ ಎಂದು ಕೇಳಿದೆ. ಇವರು ಮಾವನವರ ಕಡೆ ನೋಡಿದರು. ಮಾವನವರು ಪೇಪರಿನ ಕಡೆ ನೋಡಿದರು. ಹೊಸದನ್ನು ತಂದವರು ಬಂದಾಗ ಹಳೆಯದು ಮನೆಯಲ್ಲೇ ಇರಲಿಲ್ಲ. ಪಂಚೆ ನೀಲಿಯಾದ ಸಂಜೆಯೇ ಮಾವನವರು ಮಗನಿಗೆ ಹೇಳದೆ ಮೆಕ್ಯಾನಿಕ್ಕನ್ನು ಕರೆಸಿ, ಪೂರ್ತಿ ಹಣ ಎಣಿಸಿ, ಅದನ್ನು ಅಂಗಡಿಗೆ ಸಾಗಿಸಿಬಿಟ್ಟಿದ್ದರು. "ಎಮರ್ಜೆನ್ಸಿ ವರ್ಕಮ್ಮ. 4ಜಿ ಅಡಿಯಲ್ಲಿ ಟೆಂಡರ್ ಇಲ್ಲದೆ ಮಾಡಿಸಿದ್ದು" ಎಂದರು. ಪಾರದರ್ಶಕತೆ ಕಾಯ್ದೆಯ ನಾಲ್ಕನೇ ಸೆಕ್ಷನ್ನಿನ ಜಿ ಉಪವಿಧಿ ಅವರಿಗೆ ಸಹಸ್ರನಾಮದಷ್ಟೇ ಬಾಯಿಪಾಠ. "ಈಗ 5ಜಿ ಬಂದಿದೆ ತಾತ" ಎಂದ ಮಗ.

ಮಾರನೇ ದಿನ ಅದೂ ಬಂತು, ಹೊಟ್ಟೆಯ ಸುತ್ತ ಹೊಲಿಗೆ ಹಾಕಿಸಿಕೊಂಡು. ಸ್ಪಿನ್ ಹಾಕಿ ನೋಡಿದೆವು, ಬೆಕ್ಕು ನಡೆದಷ್ಟು ಸದ್ದಿಲ್ಲ. ಯುಟಿಲಿಟಿಯಲ್ಲಿ ಜಾಗವಿಲ್ಲದ್ದರಿಂದ ಹಾಲಿನ ಮೂಲೆ ಸೇರಿದೆ. ಅತ್ತೆ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸಿದ್ದಾರೆ. ಈ ಸಲ ಗಣೇಶನನ್ನು ಅದರ ಮೇಲೇ ಕೂರಿಸೋಣವಾ ಎಂದು ಕೇಳುತ್ತಿದ್ದಾರೆ. ಎರಡು ಮೆಷಿನ್ನುಗಳ ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಮನೆಯಲ್ಲಿ ಈಗಲೂ ನನ್ನೊಬ್ಬಳಿಗೇ ಗೊತ್ತು.

ಉತ್ತರಹಳ್ಳಿ ಸುತ್ತಮುತ್ತ ಯಾರಿಗಾದರೂ ಆರೂವರೆ ಕೆ.ಜಿ.ಯ ಫ್ರಂಟ್ ಲೋಡ್ ಮೆಷಿನ್ನು ಬೇಕಿದ್ದರೆ ದಯವಿಟ್ಟು ಬನ್ನಿ. ಬೇರಿಂಗ್ ಹೊಸದು, ಕಾಂಕ್ರೀಟು ಇಲಾಖೆಯ ಇಂಜಿನಿಯರೇ ತಟ್ಟಿ ನೋಡಿದ್ದು. ಹೊರಲು ನಾಲ್ಕು ಜನರನ್ನು ನೀವೇ ಕರೆತನ್ನಿ, ಮತ್ತು ಮಾವನವರು ವಾಕಿಂಗ್ ಹೋಗುವ ಹೊತ್ತಿಗೆ, ಸಂಜೆ ಐದರಿಂದ ಆರರೊಳಗೆ ಬನ್ನಿ.